ನಟನೂ ನ್ಯಾಯಾಸನವೂ: ಅಲಸ್ಟೇರ್ ಸಿಮ್‌ನ ಅಭಿನಯಜೀವನದ ವಿಮರ್ಶೆ

ಅಭಿನಯಕಲೆಯ ಇತಿಹಾಸವನ್ನು ಬರೆಯಹೊರಟವನಿಗೆ ಮೊದಲು ಎದುರಾಗುವ ತೊಡಕು ಆಕರಗಳದು. ಶಿಲ್ಪಿಯ ಕೃತಿ ಕಲ್ಲಿನಲ್ಲಿ ನಿಲ್ಲುತ್ತದೆ. ಕವಿಯ ಕೃತಿ ಓಲೆಯಲ್ಲಿಯೋ ಕಾಗದದಲ್ಲಿಯೋ ಉಳಿಯುತ್ತದೆ. ನಟನ ಕೃತಿಯಾದರೋ ತೆರೆ ಬಿದ್ದ ಕ್ಷಣದಲ್ಲಿಯೇ ಮುಗಿದುಹೋಗುತ್ತದೆ. ಉಳಿಯತಕ್ಕವು ಪತ್ರಿಕೆಗಳ ಅಭಿಪ್ರಾಯ, ಸಹನಟರ ನೆನಪು, ಕೆಲವು ಛಾಯಾಚಿತ್ರಗಳು, ಇಷ್ಟೇ. ಚಲಚ್ಚಿತ್ರವು ಬಂದು ಈ ಕೊರತೆಯನ್ನು ನೀಗಿತೆಂದು ಮೇಲುನೋಟಕ್ಕೆ ತೋರಬಹುದು. ಆದರೆ ರಂಗಭೂಮಿ, ಚಲಚ್ಚಿತ್ರ ಎರಡರಲ್ಲಿಯೂ ದುಡಿದ ನಟನ ವಿಷಯದಲ್ಲಿ ಅದು ಹೊಸದೊಂದು ತೊಡಕನ್ನು ತಂದೊಡ್ಡಿದೆ. ಉಳಿದುಬಂದ ಅರ್ಧವನ್ನೇ ಪೂರ್ಣವೆಂದು ಭ್ರಮಿಸುವುದು ಆ ತೊಡಕು. ಕನ್ನಡಿಯಲ್ಲಿ ಕರಿಯನ್ನು ತೋರಿಸಬಹುದು, ನಿಜ. ಆದರೆ ಕನ್ನಡಿಯ ಅಳತೆಯೇ ಕರಿಯ ಅಳತೆಯೆಂದು ಹೇಳಲಾಗದು.

ಸ್ಕಾಟ್ಲೆಂಡಿನ ನಟ ಅಲಸ್ಟೇರ್ ಸಿಮ್ (1900–1976) ಈ ಭ್ರಮೆಗೆ ಗುರಿಯಾದವರಲ್ಲಿ ಒಬ್ಬನು. ಇಂದು ಅವನ ಹೆಸರನ್ನೆತ್ತಿದರೆ ಜನರಿಗೆ ನೆನಪಾಗುವುವು ಎರಡು ಚಿತ್ರಗಳು: 1951ರ ‘ಸ್ಕ್ರೂಜ್’ ಮತ್ತು 1954ರ ‘ದಿ ಬೆಲ್ಸ್ ಆಫ್ ಸೇಂಟ್ ಟ್ರಿನಿಯನ್ಸ್’. ಮೊದಲನೆಯದರಲ್ಲಿ ಅವನು ಡಿಕನ್ಸ್ ಕಲ್ಪಿಸಿದ ಲೋಭಿ. ಎರಡನೆಯದರಲ್ಲಿ ಸ್ತ್ರೀವೇಷದ ಮುಖ್ಯೋಪಾಧ್ಯಾಯಿನಿ. ಆದಕಾರಣ ಇಂಗ್ಲಿಷ್ ಪ್ರಹಸನದ ಒಬ್ಬ ವಿಚಿತ್ರ ಹಾಸ್ಯಗಾರನೆಂದೇ ಅವನನ್ನು ಎಣಿಸುವುದು ವಾಡಿಕೆಯಾಗಿದೆ. ಈ ಎಣಿಕೆ ಸಾಲದೆಂಬುದು ನಮ್ಮ ಅಭಿಪ್ರಾಯ. ಅವನ ರಂಗಜೀವನವನ್ನು, ವಿಶೇಷವಾಗಿ ನಾಟಕಕಾರ ಜೇಮ್ಸ್ ಬ್ರೈಡಿಯೊಡನೆ ಅವನು ನಡೆಸಿದ ಸಹಯೋಗವನ್ನು, ಮುಂದಿಟ್ಟುಕೊಂಡು ನೋಡಿದರೆ ಅವನ ಚಿತ್ರಗಳ ಅರ್ಥವೇ ಬೇರೆಯಾಗಿ ಕಾಣುತ್ತದೆಂದು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಮೊದಲು ಜೀವನಸಂಗತಿಗಳನ್ನು ನೋಡೋಣ. ಸಿಮ್ 1900ನೆಯ ಇಸವಿ ಅಕ್ಟೋಬರ್ 9ರಂದು ಎಡಿನ್‌ಬರೋ ನಗರದಲ್ಲಿ ಜನಿಸಿದನು. ತಂದೆ ಬಟ್ಟೆ ಹೊಲಿಸಿ ಮಾರುವ ಅಂಗಡಿಯವನು. ಮಗ ನಟನಾಗುವುದು ಅವನಿಗೆ ಸಮ್ಮತವಾಗಿರಲಿಲ್ಲ. ಸಿಮ್ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ವ್ಯಾಸಂಗಕ್ಕೆ ತೊಡಗಿದ್ದಾಗ, 1918ರಲ್ಲಿ, ಸೈನ್ಯದ ತರಬೇತಿಗೆ ಕರೆಬಂದಿತು. ಯುದ್ಧ ಮುಗಿದ ಮೇಲೆ ಅವನು ವ್ಯಾಸಂಗವನ್ನು ಮುಂದುವರಿಸಲಿಲ್ಲ. ಕೆಲಕಾಲ ನಗರದ ಕಂದಾಯದ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು, ಕಾವ್ಯವಾಚನದಲ್ಲಿ ಹೆಸರು ಪಡೆದು, ಕೊನೆಗೆ ವಾಚನಕಲೆಯ ಉಪಾಧ್ಯಾಯನಾದನು. 1925ರಿಂದ 1930ರ ವರೆಗೆ ಎಡಿನ್‌ಬರೋದ ನ್ಯೂ ಕಾಲೇಜಿನಲ್ಲಿ ಅವನು ವಾಚನಶಿಕ್ಷಣದ ಅಧ್ಯಾಪಕನಾಗಿದ್ದನು.

ಈ ಕೊನೆಯ ಸಂಗತಿಯನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ನ್ಯೂ ಕಾಲೇಜು ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಮತದ ಪಾದ್ರಿಗಳನ್ನು ತರಬೇತುಗೊಳಿಸುವ ವಿದ್ಯಾಸಂಸ್ಥೆ. ಆ ಮತದಲ್ಲಿ ಮೂರ್ತಿಯಿಲ್ಲ, ಆಡಂಬರದ ಪೂಜೆಯಿಲ್ಲ. ಅಲ್ಲಿ ಪ್ರಧಾನವಾದುದು ಉಪದೇಶಪೀಠದಿಂದ ಬರುವ ಮಾತು. ಮನುಷ್ಯನು ಜನ್ಮತಃ ಪಾಪಿ, ದೇವರ ತೀರ್ಪು ಅವನ ತಲೆಯ ಮೇಲೆ ಸದಾ ತೂಗುತ್ತಿದೆ ಎಂಬುದನ್ನು ಸಭೆಗೆ ಮನಗಾಣಿಸಬೇಕಾದುದು ಆ ಮಾತಿನ ಕೆಲಸ. ಅಂತಹ ಮಾತನ್ನು ಆಡಬೇಕಾದವರಿಗೆ ಧ್ವನಿಯ ಏರಿಳಿತವನ್ನೂ ವಿರಾಮವನ್ನೂ ಐದು ವರ್ಷ ಕಲಿಸಿದವನು ಈ ನಟ. ಮುಂದೆ ಅವನ ಹಾಸ್ಯಪಾತ್ರಗಳಲ್ಲಿ ಕೇಳಿಬರುವ ಆ ಎಳೆದು ನಿಲ್ಲಿಸುವ ಮಾತು, ಒಮ್ಮೆಲೆ ತಗ್ಗುವ ಸ್ವರ, ಮೃದುತ್ವದ ಹಿಂದೆ ಅಡಗಿದ ಗದರಿಕೆ, ಇವುಗಳಿಗೆ ಮೂಲವನ್ನು ಪ್ರಹಸನದ ರಂಗದಲ್ಲಿ ಹುಡುಕುವುದಕ್ಕಿಂತ ಈ ಉಪದೇಶಪೀಠದಲ್ಲಿ ಹುಡುಕುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ವೃತ್ತಿನಟನಾಗಿ ಸಿಮ್ ರಂಗವನ್ನೇರಿದ್ದು 1930ರಲ್ಲಿ, ತನ್ನ ಮೂವತ್ತನೆಯ ವಯಸ್ಸಿನಲ್ಲಿ. ಲಂಡನ್ನಿನ ಸವಾಯ್ ರಂಗಮಂದಿರದಲ್ಲಿ ಪಾಲ್ ರೋಬ್‌ಸನ್ ಒಥೆಲೊ ಆಗಿ, ಪೆಗ್ಗಿ ಆ್ಯಶ್‌ಕ್ರಾಫ್ಟ್ ಡೆಸ್ಡಿಮೋನಾ ಆಗಿ ಅಭಿನಯಿಸಿದ ಪ್ರಸಿದ್ಧ ಪ್ರಯೋಗದಲ್ಲಿ ಇವನದು ದೂತನ ಸಣ್ಣ ಪಾತ್ರ. 1932ರಲ್ಲಿ ಓಲ್ಡ್ ವಿಕ್ ತಂಡವನ್ನು ಸೇರಿ ಷೇಕ್ಸ್‌ಪಿಯರನ ನಾಟಕಗಳಲ್ಲಿ ಪಳಗಿದನು. 1935ರಿಂದ ಚಲಚ್ಚಿತ್ರಗಳಲ್ಲಿ ಪಾತ್ರವಹಿಸತೊಡಗಿದನು. 1941ರಲ್ಲಿ, ತನ್ನಂತೆಯೇ ಸ್ಕಾಟ್ಲೆಂಡಿನವನಾದ ಜೆ. ಎಂ. ಬ್ಯಾರಿಯ ‘ಪೀಟರ್ ಪ್ಯಾನ್’ ನಾಟಕದಲ್ಲಿ ಕಡಲ್ಗಳ್ಳ ಹುಕ್‌ನ ಪಾತ್ರವನ್ನು ಮೊದಲ ಬಾರಿಗೆ ಧರಿಸಿ, 1968ರ ವರೆಗೆ ಹಲವು ಸಲ ಅದನ್ನು ಅಭಿನಯಿಸಿದನು.

ಆದರೆ ಅವನ ರಂಗಜೀವನದ ತಿರುಳು ಇರುವುದು ಜೇಮ್ಸ್ ಬ್ರೈಡಿಯ ನಾಟಕಗಳಲ್ಲಿ. ಬ್ರೈಡಿ ಎಂಬುದು ಕಾವ್ಯನಾಮ. ನಿಜನಾಮ ಓಸ್ಬರ್ನ್ ಹೆನ್ರಿ ಮೇವರ್. ಗ್ಲಾಸ್ಗೋ ನಗರದ ವೈದ್ಯನಾದ ಈತನು 1943ರಲ್ಲಿ ಅಲ್ಲಿನ ಸಿಟಿಜನ್ಸ್ ಥಿಯೇಟರನ್ನು ಸ್ಥಾಪಿಸಿದವರಲ್ಲಿ ಅಗ್ರಗಣ್ಯನು. ಅದೇ ವರ್ಷ ಲಂಡನ್ನಿನಲ್ಲಿ ‘ಮಿಸ್ಟರ್ ಬಾಲ್ಫ್ರಿ’ ನಾಟಕವನ್ನು ಸಿಮ್ ನಿರ್ದೇಶಿಸಿದನು. ಮಕ್ರಿಮನ್ ಎಂಬ ಪಾದ್ರಿಯ ಪಾತ್ರವನ್ನೂ ತಾನೇ ವಹಿಸಿದನು. ನಾಟಕದ ವಸ್ತು ಸ್ವಾರಸ್ಯವಾದುದು. ಯುದ್ಧಕಾಲದಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಿನ ಒಂದು ಪಾದ್ರಿಮನೆಯಲ್ಲಿ ಬೇಸರಗೊಂಡ ತರುಣರು ಹಳೆಯ ಗ್ರಂಥವೊಂದರ ಮಂತ್ರದಿಂದ ಸೈತಾನನನ್ನು ಕರೆಯುತ್ತಾರೆ. ಬಂದವನೂ ಪಾದ್ರಿಯ ಉಡುಪಿನಲ್ಲಿಯೇ ಇದ್ದಾನೆ! ಇಬ್ಬರು ಪಾದ್ರಿಗಳಿಗೂ ವಾದ ನಡೆಯುತ್ತದೆ. ಕೊನೆಗೆ ಮಕ್ರಿಮನ್ ಕೋಪಾವೇಶದಿಂದ ಅವನನ್ನು ರಾತ್ರಿಯ ಕತ್ತಲಿಗೆ ಅಟ್ಟಿಸಿಕೊಂಡು ಹೋಗಿ, ತಾನು ಕೊಲೆಗಾರನಾದೆನೆಂದು ನಡುಗುತ್ತಾನೆ. ತೀರ್ಪು ಹೇಳುವವನು ತಾನೇ ತೀರ್ಪಿಗೆ ಒಳಗಾಗುವ ಈ ಸನ್ನಿವೇಶವನ್ನು ನಾವು ನೆನಪಿನಲ್ಲಿಡಬೇಕು.

1947ರ ‘ಡಾಕ್ಟರ್ ಏಂಜೆಲಸ್’ ಇದೇ ದಾರಿಯದು. ಪತ್ನಿಗೂ ಅತ್ತೆಗೂ ವಿಷವಿಕ್ಕಿ 1865ರಲ್ಲಿ ಗ್ಲಾಸ್ಗೋದಲ್ಲಿ ಗಲ್ಲಿಗೇರಿದ ವೈದ್ಯ ಪ್ರಿಚರ್ಡನ ವೃತ್ತಾಂತ ಅದಕ್ಕೆ ಆಧಾರ. 1948ರಲ್ಲಿ ಸಿಮ್ ‘ದಿ ಅನಾಟಮಿಸ್ಟ್’ ನಾಟಕದಲ್ಲಿ ಡಾಕ್ಟರ್ ನಾಕ್ಸ್‌ನ ಪಾತ್ರ ವಹಿಸಿದನು. 1930ರಲ್ಲಿ ಮೊದಲು ಪ್ರಯೋಗಗೊಂಡ ಈ ನಾಟಕ ಇತಿಹಾಸದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ವಿಚಾರಾರ್ಹವಾದುದು. 1828ರಲ್ಲಿ ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು ಹದಿನಾರು ಮಂದಿಯನ್ನು ಕೊಂದು, ಶವಗಳನ್ನು ಅಂಗರಚನಾಶಾಸ್ತ್ರಜ್ಞ ರಾಬರ್ಟ್ ನಾಕ್ಸ್‌ನ ಪಾಠಶಾಲೆಗೆ ಮಾರಿದರು. ಹೇರ್ ಸರ್ಕಾರದ ಪರ ಸಾಕ್ಷಿ ನುಡಿದು ಪಾರಾದನು. ಬರ್ಕ್ 1829ರ ಜನವರಿಯಲ್ಲಿ ಗಲ್ಲಿಗೇರಿದನು. ನಾಕ್ಸ್‌ನ ಮೇಲೆ ಮೊಕದ್ದಮೆಯೇ ನಡೆಯಲಿಲ್ಲ. 1832ರಲ್ಲಿ ಪಾರ್ಲಿಮೆಂಟು ಶವಗಳ ಸರಬರಾಜಿಗೆ ಕಾನೂನಿನ ಮಾರ್ಗವನ್ನು ಕಲ್ಪಿಸಿತು. ಕೊಲೆಗಾರನಲ್ಲದ, ಆದರೆ ಮೇಜಿನ ಮೇಲೆ ಬಂದ ಶವ ಎಲ್ಲಿಯದೆಂದು ಕೇಳದ ವಿದ್ವಾಂಸನ ಹೊಣೆ ಎಷ್ಟು? ಬ್ರೈಡಿ ಎತ್ತುವ ಪ್ರಶ್ನೆ ಇದು. ಹೊರಗೆ ಜನರು ದೊಂಬಿಯೆದ್ದಿರಲು ನಾಕ್ಸ್ ಶಿಷ್ಯರ ಮುಂದೆ ಹೃದಯವೆಂಬ ಅಂಗವನ್ನು ಕುರಿತು ಪಾಠಕ್ಕೆ ತೊಡಗುತ್ತಾನೆ. ಹೃದಯವಿದೆಯೆ ಎಂದು ಪ್ರೇಕ್ಷಕರು ಶಂಕಿಸುತ್ತಿರುವ ಮನುಷ್ಯನೇ ಹೃದಯದ ರಚನೆಯನ್ನು ಬೋಧಿಸುವ ಈ ವ್ಯಂಗ್ಯವು, ಪಾಠಹೇಳುವ ಧ್ವನಿಯನ್ನು ಬಲ್ಲ ನಟನಿಗೆ ಹೇಳಿಮಾಡಿಸಿದಂತಿದೆ. ಅದೃಷ್ಟವಶಾತ್ 1956ರಲ್ಲಿ ದೂರದರ್ಶನಕ್ಕಾಗಿ ಈ ನಾಟಕವನ್ನು ಚಿತ್ರಿಸಿದಾಗಲೂ ನಾಕ್ಸ್ ಆಗಿ ನಟಿಸಿದವನು ಸಿಮ್. ರಂಗಪ್ರಯೋಗವಾದ ಎಂಟು ವರ್ಷಗಳ ಅನಂತರದ, ಬೇರೊಂದು ಮಾಧ್ಯಮದ ಕೃತಿಯಾದುದರಿಂದ ಅದನ್ನು ರಂಗಾಭಿನಯದ ನೇರ ಸಾಕ್ಷ್ಯವೆಂದು ಒಪ್ಪಲಾಗದಿದ್ದರೂ, ಬ್ರೈಡಿಯ ಮಾತುಗಳು ಈ ನಟನ ಕಂಠದಲ್ಲಿ ಹೇಗೆ ಕೂರುತ್ತಿದ್ದುವೆಂಬುದಕ್ಕೆ ಅದು ಬೆಲೆಯುಳ್ಳ ದಾಖಲೆ.

ಈ ಬೆಳಕಿನಲ್ಲಿ ಪುನಃ ಚಿತ್ರಗಳ ಕಡೆ ತಿರುಗೋಣ. 1946ರ ‘ಗ್ರೀನ್ ಫಾರ್ ಡೇಂಜರ್’ ಚಿತ್ರದಲ್ಲಿ ಸಿಮ್ ಪತ್ತೇದಾರಿ ಅಧಿಕಾರಿ. ಯುದ್ಧಕಾಲದ ಆಸ್ಪತ್ರೆಯೊಂದರಲ್ಲಿ ನಡೆದ ಕೊಲೆಗಳ ಶೋಧನೆಗೆ ಬಂದ ಅವನು ಎಲ್ಲರನ್ನೂ ಕೆಣಕಿ, ಅವರ ಕಳವಳವನ್ನು ಕಂಡು ಸಂತೋಷಪಡುತ್ತಾನೆ. ಆದರೆ ಕೊನೆಯಲ್ಲಿ ತನ್ನ ಜಾಣತನವೇ ಇನ್ನೊಂದು ಸಾವಿಗೆ ದಾರಿಮಾಡಿತೆಂದು ಒಪ್ಪಿಕೊಂಡು ರಾಜೀನಾಮೆಯ ಪತ್ರವನ್ನು ಬರೆಯಬೇಕಾಗುತ್ತದೆ. 1954ರಲ್ಲಿ ಪ್ರೀಸ್ಟ್ಲಿಯ ‘ಆ್ಯನ್ ಇನ್ಸ್‌ಪೆಕ್ಟರ್ ಕಾಲ್ಸ್’ ಚಿತ್ರವಾದಾಗ, ಸುಖವಾಗಿ ಉಣ್ಣುತ್ತಿದ್ದ ಸಂಸಾರವೊಂದರ ಬಾಗಿಲಿಗೆ ಬಂದು, ಸತ್ತ ಹುಡುಗಿಯೊಬ್ಬಳ ಹೆಸರಿನಲ್ಲಿ ಒಬ್ಬೊಬ್ಬರನ್ನೂ ವಿಚಾರಿಸುವ ಆಗಂತುಕನೂ ಇವನೇ. ಲಂಡನ್ನಿನ ರಂಗದ ಮೇಲೆ 1946ರಲ್ಲಿ ಈ ಪಾತ್ರವನ್ನು ರಾಲ್ಫ್ ರಿಚರ್ಡ್‌ಸನ್ ನಿರ್ವಹಿಸಿದ್ದನು. ಸಿಮ್ ಅದನ್ನು ಗದರಿಕೆಯಿಂದಲ್ಲ, ವಿಷಾದದ ಮೃದುತ್ವದಿಂದ ನಡೆಸುತ್ತಾನೆ. ಅದರಿಂದಲೇ ಅದು ಹೆಚ್ಚು ಭಯಂಕರವಾಗಿದೆ.

ಇವೆರಡರ ನಡುವೆ ‘ಸ್ಕ್ರೂಜ್’ ನಿಲ್ಲುತ್ತದೆ. ಬ್ರಯನ್ ಡೆಸ್ಮಂಡ್ ಹರ್ಸ್ಟ್ ನಿರ್ದೇಶಿಸಿದ ಈ ಚಿತ್ರದಲ್ಲಿ ಸಿಮ್ ಲೋಭವನ್ನು ಮಾತ್ರ ಅಭಿನಯಿಸಿದ್ದರೆ ಅದು ಸಾಧಾರಣ ಕೃತಿಯಾಗುತ್ತಿತ್ತು. ಅವನು ಅಭಿನಯಿಸಿದ್ದು ಭಯವನ್ನು. ಅವನ ಸ್ಕ್ರೂಜ್ ಹಣವನ್ನು ಪ್ರೀತಿಸುವವನಲ್ಲ, ಲೋಕಕ್ಕೆ ಹೆದರಿ ಹಣದ ಮರೆಹೊಕ್ಕವನು. ಪರಿವರ್ತನೆಯ ಬೆಳಗ್ಗೆ ಅವನು ಕುಣಿಯುವ ಕುಣಿತವನ್ನು ಕಂಡು ಮನೆಗೆಲಸದವಳು ಕಿರಿಚಿಕೊಂಡು ಓಡುತ್ತಾಳೆ; ಆ ಆನಂದಕ್ಕೂ ಉನ್ಮಾದಕ್ಕೂ ನಡುವೆ ಕೂದಲೆಳೆಯ ಅಂತರ. ಇಷ್ಟು ಸುಖಕ್ಕೆ ತಾನು ಅರ್ಹನಲ್ಲವೆಂದು ಅವನು ಹೇಳುವಾಗ ನಮಗೆ ಕೇಳಿಸುವುದು ಕ್ರಿಸ್ಮಸ್ ಹಬ್ಬದ ಉಲ್ಲಾಸ ಮಾತ್ರವಲ್ಲ. ತೀರ್ಪಿನಿಂದ ಅನಿರೀಕ್ಷಿತವಾಗಿ ಪಾರಾದ ಪಾಪಿಯ ಬೆರಗು. ನಮ್ಮ ಅಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ಹಾಸ್ಯವೂ ಭಯಾನಕವೂ ಒಂದೇ ಮುಖದಲ್ಲಿ ಸಂಧಿಸುವ ಎಡೆಯೇ ಸಿಮ್‌ನ ಅಭಿನಯದ ನೆಲೆ.

ಇಲ್ಲಿಗೆ ಎರಡು ಆಕ್ಷೇಪಗಳು ಏಳಬಹುದು. ಬ್ರೈಡಿ ಕಟ್ಟಬಯಸಿದ್ದು ಸ್ಕಾಟ್ಲೆಂಡಿನ ಸ್ವಂತ ರಂಗಭೂಮಿಯನ್ನು. ಸಿಮ್ ಈ ನಾಟಕಗಳನ್ನು ಆಡಿದ್ದಾದರೋ ಬಹುಮಟ್ಟಿಗೆ ಲಂಡನ್ನಿನಲ್ಲಿ. ಹೀಗಿರಲು ಅವನು ತನ್ನ ನಾಡಿನ ರಂಗಕ್ಕೆ ಸಲ್ಲಿಸಿದ ಸೇವೆ ಏನು? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಲಂಡನ್ನಿನ ಪ್ರೇಕ್ಷಕರಿಗೆ ಸ್ಕಾಟ್ಲೆಂಡಿನ ಧರ್ಮಸಂಕಟವು ಬಹುವೇಳೆ ಸೊಗಸಾದ ವಿಚಿತ್ರವಾಗಿ ಮಾತ್ರ ಕಂಡಿರಬೇಕು. ಎರಡನೆಯದಾಗಿ, 1951ರ ಜನವರಿಯಲ್ಲಿ ಬ್ರೈಡಿ ತೀರಿಕೊಂಡ ಮೇಲೆ ಅಷ್ಟೇ ತೂಕದ ಹೊಸ ನಾಟಕಗಳ ಆಸರೆ ಸಿಮ್‌ಗೆ ದೊರೆಯಲಿಲ್ಲ. ಆ ದಶಕದ ಚಿತ್ರಗಳಲ್ಲಿ ಕೆಲವು ಹಳೆಯ ಮುಖಭಾವಗಳ ಪುನರಾವೃತ್ತಿ. ‘ಸೇಂಟ್ ಟ್ರಿನಿಯನ್ಸ್’ ಚಿತ್ರದ ಮುಖ್ಯೋಪಾಧ್ಯಾಯಿನಿ ರಂಜಕಳೇ ಹೊರತು ಗಾಢವಾದ ಪಾತ್ರವಲ್ಲ. 1960ರ ಅನಂತರ ಒಂದು ದಶಕಕ್ಕೂ ಮಿಕ್ಕಿ ಅವನು ಬೆಳ್ಳಿತೆರೆಯಿಂದ ದೂರವಿದ್ದು ರಂಗಕ್ಕೆ ಮರಳಿದ್ದನ್ನು ನೋಡಿದರೆ, ಈ ಕೊರತೆಯನ್ನು ಅವನೇ ಅರಿತಿದ್ದನೆಂದು ತೋರುತ್ತದೆ. ಆದರೆ ಪುನರಾವೃತ್ತಿಯಾದುದರಿಂದ ಮೂಲವನ್ನು ಅಳೆಯುವುದು ನ್ಯಾಯವಲ್ಲ. ಚಿತ್ರಗಳು ಸಂಖ್ಯೆಯಲ್ಲಿ ಹೆಚ್ಚಾಗಿ ಉಳಿದಿವೆಯೆಂಬ ಕಾರಣದಿಂದ ಅವೇ ಸಾಧನೆಯ ಪರಮಾವಧಿಯಾಗಲಾರವು.

ಸಿಮ್ ತನ್ನ ವಿಷಯವಾಗಿ ಪ್ರಚಾರವನ್ನು ಬಯಸಿದವನಲ್ಲ. ಹಸ್ತಾಕ್ಷರವನ್ನು ಸಹ ಕೊಡುತ್ತಿರಲಿಲ್ಲ. 1948ರಿಂದ 1951ರ ವರೆಗೆ ಎಡಿನ್‌ಬರೋ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಚುನಾಯಿಸಿದ ರೆಕ್ಟರ್ ಪದವಿಯಲ್ಲಿದ್ದನು. ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟವನಿಗೆ ಅದೇ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟನ್ನೂ ಕೊಟ್ಟಿತು. 1953ರಲ್ಲಿ ಸರ್ಕಾರದ ಸಿ.ಬಿ.ಇ. ಬಿರುದನ್ನು ಸ್ವೀಕರಿಸಿದವನು ಮುಂದೆ ಬಂದ ‘ಸರ್’ ಪದವಿಯನ್ನು ಒಲ್ಲೆನೆಂದನು. 1976ರ ಆಗಸ್ಟ್ 19ರಂದು ಲಂಡನ್ನಿನಲ್ಲಿ ಮರಣ ಹೊಂದಿದನು.

ಅವನು ಬ್ರೈಡಿಯ ಬದುಕಿನ ಕೊನೆಯ ವರ್ಷಗಳಲ್ಲಿ ಆಡಿದ ಪಾತ್ರಗಳಲ್ಲಿ ಒಂದನ್ನು ಕುರಿತು ಹೇಳಿ ಈ ಲೇಖನವನ್ನು ಮುಗಿಸುತ್ತೇವೆ. 1950ರ ‘ಮಿಸ್ಟರ್ ಗಿಲ್ಲಿ’ ನಾಟಕದ ನಾಯಕನು ಗಣಿಯೂರಿನ ಒಬ್ಬ ಶಾಲಾಮಾಸ್ತರು. ಪ್ರತಿಭೆಯುಳ್ಳ ಹುಡುಗರನ್ನು ಗುರುತಿಸಿ ಹೊರಲೋಕಕ್ಕೆ ಕಳುಹಿಸುವುದೇ ಅವನ ಹುಚ್ಚು. ಅವರು ಅವನು ಬಯಸಿದಂತೆ ಆಗುವುದಿಲ್ಲ. ಲೋಕದ ಲೆಕ್ಕದಲ್ಲಿ ಸೋತ ಈ ಮಾಸ್ತರನ ಬದುಕನ್ನು ಮರಣಾನಂತರ ಪರಲೋಕದ ನ್ಯಾಯಾಲಯವೊಂದು ವಿಚಾರಣೆಗೆ ತೆಗೆದುಕೊಳ್ಳುತ್ತದೆ. ಲೋಕವು ಅವನನ್ನು ಅಳೆದ ಕೋಲಿನಿಂದಲೇ ಆ ನ್ಯಾಯಾಲಯ ಅಳೆಯುವುದಿಲ್ಲ. ಕಂಡ ಫಲದಿಂದ ಮಾತ್ರ ಉಪಾಧ್ಯಾಯನ ಬೆಲೆ ಕಟ್ಟಲಾಗದೆಂಬುದು ಈ ನಾಟಕದ ಸಾರ. ಹಿಂದೆ ತಾನೂ ಉಪಾಧ್ಯಾಯನಾಗಿದ್ದ ಸಿಮ್ ಈ ಪಾತ್ರವನ್ನು ಆಡಿದ ರಾತ್ರಿಗಳು ಮರಳಿ ಬರುವಂತಿಲ್ಲ. ಉಳಿದ ಚಿತ್ರಗಳನ್ನು ನೋಡಿ ನಗುವಾಗ, ಉಳಿಯದ ಆ ರಾತ್ರಿಗಳನ್ನೂ ತಕ್ಕಡಿಯಲ್ಲಿಟ್ಟು ತೂಗುವುದು ಇತಿಹಾಸಕಾರನ ಕರ್ತವ್ಯ.