ಗಾರೆಯೊಳಗಣ ಸಸ್ಯಸಾರ

ಬದನಗುಪ್ಪೆಯ ರೈಲುನಿಲ್ದಾಣದಿಂದ ಊರಿಗೆ ನಡೆದು, ಹಳೆಯ ಗಾರೆನೆಲದ ಜಗುಲಿಯೊಂದರ ಮೇಲೆ ಕುಳಿತಾಗ, ಅಂಗೈಗೆ ತಗಲಿದ ಆ ಶೀತಲ ಸ್ನಿಗ್ಧತೆಗೆ ನನ್ನ ಮನಸ್ಸು ಸೋತಿತು. ಸುಟ್ಟ ಸುಣ್ಣಕಲ್ಲನ್ನು ನೀರಿನಲ್ಲಿ ಅರಳಿಸಿ, ಮರಳು ಬೆರೆಸಿ, ಎತ್ತು ಎಳೆಯುವ ಕಲ್ಲುಗಾಲಿಯ ಗಾಣದಲ್ಲಿ ಬೆಣ್ಣೆಯಂತಾಗುವವರೆಗೆ ಅರೆದು, ಅಳಲೆಕಾಯಿ ನೆನೆಸಿದ ಒಗರುನೀರನ್ನೂ ಬೆಲ್ಲದ ನೀರನ್ನೂ ಹದವರಿತು ಕೂಡಿಸುತ್ತಿದ್ದ ಗಾರೆಯವರು, ನಿರ್ಜೀವ ಖನಿಜಕ್ಕೆ ಸಸ್ಯಸಾರವು ಬಂಧುವೆಂಬುದನ್ನು ಕೈಯಿಂದಲೇ ಅರಿತಿದ್ದರು. ಬೆಲ್ಲವು ಬಿಗಿತವನ್ನು ತಡೆದು ಕರಣೆಗೆ ಅವಕಾಶವೀಯುವುದು. ಬಳಿಕ ಸುಣ್ಣವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ವರ್ಷಗಟ್ಟಲೆ ಮೆಲ್ಲಮೆಲ್ಲನೆ ಕುಡಿದು ಮರಳಿ ಕಲ್ಲಾಗುವುದು.

ಇಂದು ಕಡಲಪಾಚಿಯಿಂದ ಆಲ್ಜಿನೇಟ್ ಎಂಬ ಅಂಟನ್ನು ತೆಗೆದುಳಿದ ಕಸವನ್ನು ಒಣಗಿಸಿ, ಪುಡಿಮಾಡಿ, ಸಿಮೆಂಟಿಗೆ ಬೆರೆಸಿ ಹಗುರವಾದ ಇಟ್ಟಿಗೆಗಳನ್ನು ರೂಪಿಸುವ ವಿದ್ಯೆಯೂ ಇದೇ ವಂಶದ್ದು. ಮರಳಿಗಿಂತ ಹಗುರವಾದ ಆ ಕಸದ ನಾರು ನೀರು ಹೀರಿ ಉಬ್ಬಿ, ಒಣಗುವಾಗ ಕುಗ್ಗಿ, ಸುತ್ತಲೂ ಸೂಕ್ಷ್ಮರಂಧ್ರಗಳನ್ನು ಉಳಿಸುತ್ತದೆ. ಅಲ್ಲಿ ನಿಂತ ಗಾಳಿಯೇ ಬಿಸಿಲಿಗೆ ತಡೆ. ಕಡಲಿನ ಉಪ್ಪನ್ನು ತೊಳೆಯದಿದ್ದರೆ ಗೋಡೆಯೊಳಗಣ ಕಬ್ಬಿಣ ತುಕ್ಕುಹಿಡಿದೀತು. ಪಾಚಿಯ ಸಕ್ಕರೆ ಮಿಕ್ಕರೆ ಸಿಮೆಂಟು ಬೇಗ ಬಿಗಿಯದು. ಅದು ಬೆಲ್ಲ ಕಲಿಸಿದ ಪಾಠವೇ!

ಬದನಗುಪ್ಪೆ-ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಇಂಥ ಇಟ್ಟಿಗೆ ಎಂದಾದರೂ ಅಚ್ಚಾಗುವುದಾದರೆ, ಮೊದಲು ಹಿರಿಯ ಗಾರೆಯವರೊಬ್ಬರನ್ನು ಕರೆದು, ಆ ಮಿಶ್ರಣವನ್ನು ಅವರ ಬೆರಳಿಗೆ ಮುಟ್ಟಿಸಿ ಹದವನ್ನು ಕೇಳಿರಿ.