ವೀರದಿಂದ ಅದ್ಭುತಕ್ಕೆ: ಚೀನೀ ಖಡ್ಗವೀರರ ಚಲನಚಿತ್ರಗಳ ಆಕರ್ಷಣೆ

ಚೀನದ ಗತಕಾಲವನ್ನು ವಸ್ತುವಾಗಿ ಉಳ್ಳ ಖಡ್ಗವೀರರ ಚಲನಚಿತ್ರಗಳು ಆ ನಾಡಿನ ಭಾಷೆಯನ್ನಾಗಲಿ ಇತಿಹಾಸವನ್ನಾಗಲಿ ಅರಿಯದ ಪ್ರೇಕ್ಷಕರನ್ನೂ ಸೆಳೆಯುತ್ತವೆ. ಇದಕ್ಕೆ ಹೊಡೆದಾಟದ ಚಪಲವೇ ಕಾರಣವೆಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಹೊಡೆದಾಟವು ಎಲ್ಲ ದೇಶಗಳ ಚಿತ್ರಗಳಲ್ಲಿಯೂ ಉಂಟು. ಇವುಗಳ ವಿಶೇಷವನ್ನು ಬೇರೆಡೆ ಅರಸಬೇಕು.

ವೀರದಿಂದ ಅದ್ಭುತವು ಹುಟ್ಟುವುದೆಂದು ಭರತನ ನಾಟ್ಯಶಾಸ್ತ್ರವು ಹೇಳುತ್ತದೆ. ಕಿಂಗ್ ಹೂ ನಿರ್ದೇಶಿಸಿದ ‘ಎ ಟಚ್ ಆಫ್ ಝೆನ್’ (1971) ಚಿತ್ರದ ಬಿದಿರುಮೆಳೆಯ ಕಾಳಗವು ಈ ಮಾತಿಗೆ ಒಳ್ಳೆಯ ನಿದರ್ಶನ. ಅಲ್ಲಿ ವೀರರು ಬಿದಿರಿನ ತುದಿಯಿಂದ ಹಕ್ಕಿಯಂತೆ ಎರಗುತ್ತಾರೆ. ಏಟಿಗಿಂತ ದೇಹದ ಲಾಘವವೇ ಕಣ್ಣನ್ನು ತುಂಬುತ್ತದೆ. ಕಾಳಗಗಳನ್ನು ಸಂಯೋಜಿಸಿದವರಲ್ಲಿ ಒಬ್ಬರಾದ ಹಾನ್ ಯಿಂಗ್‌ಜಿಯೆ ಪೀಕಿಂಗ್ ಸಂಗೀತನಾಟಕದಲ್ಲಿ ಪಳಗಿದವರು. ರಂಗದ ನೃತ್ಯವೇ ಇಲ್ಲಿ ತೆರೆಯ ಮೇಲಿನ ಯುದ್ಧವಾಗಿ ಮುಂದುವರಿದಿದೆ.

ಕಲಬುರಗಿ ಸೀಮೆಯ ನಂದೂರ, ಕಮಲಾಪುರ ಮೊದಲಾದ ಊರುಗಳ ಪ್ರೇಕ್ಷಕನಿಗೆ ಈ ರೀತಿಯು ಪರಕೀಯವೆನಿಸಬೇಕಾಗಿಲ್ಲ. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ಕಿರೀಟ ಭುಜಕೀರ್ತಿಗಳನ್ನು ಧರಿಸಿದ ವೀರನು ಮದ್ದಳೆಯ ಪೆಟ್ಟಿಗೆ ಹೆಜ್ಜೆಯಿಟ್ಟು ಕುಣಿಯುತ್ತಲೇ ಕಾದುತ್ತಾನೆ. ಯುದ್ಧವು ಅಲ್ಲಿಯೂ ಅನುಕರಣವಲ್ಲ, ಲಯ.

ನಮ್ಮ ಐತಿಹಾಸಿಕ ಚಿತ್ರಗಳಾದರೋ ಬೇರೊಂದು ರಂಗಭೂಮಿಗೆ ಋಣಿಯಾದವು. ದೇವುಡು ಅವರ ಕಾದಂಬರಿಯನ್ನು ಆಧರಿಸಿದ ‘ಮಯೂರ’ (1975) ಚಿತ್ರವನ್ನು ನೋಡಬಹುದು. ವೇದಾಧ್ಯಯನಕ್ಕೆಂದು ಕಂಚಿಗೆ ಹೋದ ಮಯೂರಶರ್ಮನು ಅಪಮಾನಿತನಾಗಿ, ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಖಡ್ಗವನ್ನು ಹಿಡಿದನೆಂದು ತಾಳಗುಂದದ ಶಾಸನವು ತಿಳಿಸುತ್ತದೆ. ಚೀನೀ ಚಿತ್ರಗಳಿಗೂ ಒಪ್ಪುವ ವಸ್ತುವಿದು. ಆದರೆ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬೆಳೆದ ರಾಜಕುಮಾರರ ಅಭಿನಯದಲ್ಲಿ ವೀರವು ಪ್ರಧಾನವಾಗಿ ವಾಚಿಕದಿಂದ ಪ್ರಕಟವಾಗುತ್ತದೆ. ಆ ಮಾತಿನ ಗಾಂಭೀರ್ಯವು ಕನ್ನಡಿಗರಿಗೆ ದೊಡ್ಡ ಲಾಭವೇ ಸರಿ. ಆದರೂ ಕನ್ನಡವನ್ನರಿಯದವನಿಗೆ ಅದು ಪೂರ್ಣವಾಗಿ ದಕ್ಕುವಂತಹುದಲ್ಲ.

ಆಂಗಿಕದ ಸೊಬಗೊಂದೇ ಚೀನೀ ಚಿತ್ರದ ಹಿರಿಮೆಯೆಂದು ಭಾವಿಸಲಾಗದು. ‘ಎ ಟಚ್ ಆಫ್ ಝೆನ್’ ಚಿತ್ರದ ನಾಯಕನೂ ಒಬ್ಬ ಬಡ ವಿದ್ವಾಂಸ. ಅವನು ದೆವ್ವದ ಭೀತಿಯನ್ನು ಹುಟ್ಟಿಸುವ ಉಪಾಯಗಳನ್ನು ಹೂಡಿ ಶತ್ರುಗಳನ್ನು ಕೆಡವುತ್ತಾನೆ. ಬೆಳಗಾದ ಮೇಲೆ ತನ್ನ ಜಾಣ್ಮೆಗೆ ತಾನೇ ನಗುತ್ತ ಬರುವವನು ಹೆಣಗಳನ್ನು ಕಂಡು ದಿಗ್ಭ್ರಾಂತನಾಗುತ್ತಾನೆ. ಅದುವರೆಗೆ ಅವನೊಡನೆ ನಲಿದ ಪ್ರೇಕ್ಷಕನ ನಗೆಯೂ ಅಲ್ಲಿಯೇ ಉಡುಗುತ್ತದೆ. ಗೆಲವಿನ ಬೆಲೆಯನ್ನು ತೋರಿಸುವ ಈ ವಿವೇಕವಿಲ್ಲದಿದ್ದರೆ ಅದ್ಭುತವು ಬರಿಯ ಕಣ್ಕಟ್ಟಾಗುತ್ತಿತ್ತು.

ಆದುದರಿಂದ ಕನ್ನಡದಲ್ಲಿ ಇಂತಹ ಚಿತ್ರವನ್ನು ನಿರ್ಮಿಸಬಯಸುವವರು ತಂತಿ ಕಟ್ಟಿ ಹಾರಿಸುವ ತಂತ್ರವನ್ನು ಮಾತ್ರ ಕಲಿತರೆ ಸಾಲದು. ದೊಡ್ಡಾಟದ ಹೆಜ್ಜೆಯನ್ನು ಬಲ್ಲ ಕಲಾವಿದರಿರುವಾಗಲೇ ಅವರಿಂದ ಅದನ್ನು ಕಲಿಯಬೇಕು. ತಾಳಗುಂದದ ಕಥೆಯನ್ನು ಆ ಲಯದಲ್ಲಿ ಮತ್ತೊಮ್ಮೆ ಕಾಣಲು ಯತ್ನಿಸಬೇಕು.