ಕೃತಕ ಪೆಪ್ಟೈಡು ಮತ್ತು ಖರ್ಚಿನ ಪುಟ

‘ಪ್ರಾಣಿಜನ್ಯವಲ್ಲ’ ಎಂಬ ಮಾತು ಕಿವಿಗೆ ಬಿದ್ದೊಡನೆ ಶ್ರಾವಕ ಕುಟುಂಬಗಳು ಸಮಾಧಾನಪಡುವುದು ಸಹಜ. ಗಾಯಗೊಂಡ ಅಂಗಾಂಶವನ್ನು ಕೂಡಿಸುವ ಕೃತಕ ಪೆಪ್ಟೈಡುಗಳ ವಿಷಯದಲ್ಲಿ ಈ ಸಮಾಧಾನ ಎಷ್ಟು ಯುಕ್ತವೆಂಬುದನ್ನು ಪರಿಶೀಲಿಸಬೇಕಾಗಿದೆ.

ಪೆಪ್ಟೈಡೆಂದರೆ ಅಮೈನೋ ಆಮ್ಲಗಳ ಕಿರುಸರಪಳಿ. ಅದನ್ನು ಘನ ಆಧಾರದ ಮೇಲೆ ಕೊಂಡಿ ಕೊಂಡಿಯಾಗಿ ಪೋಣಿಸುವ ವಿಧಾನವನ್ನು ಅಮೆರಿಕದ ಮೆರಿಫೀಲ್ಡ್ 1963ರಲ್ಲಿ ಪ್ರಕಟಿಸಿದರು. ಎಂ.ಐ.ಟಿ.ಯ ಷುಗ್ವಾಂಗ್ ಝಾಂಗ್ ಅವರು ಯೀಸ್ಟಿನ ಪ್ರೋಟೀನೊಂದರಲ್ಲಿ ಕಂಡ ವಿನ್ಯಾಸದಿಂದ ಮುಂದೆ ರೂಪುಗೊಂಡದ್ದು ರಾಡಾ-16. ಇದರಲ್ಲಿರುವುದು 16 ಕೊಂಡಿಗಳು ಮಾತ್ರ. ತಿಳಿನೀರಿನಂತಿರುವ ಈ ದ್ರವ ರಕ್ತದ ಲವಣ ತಾಗಿದೊಡನೆ ತಾನಾಗಿಯೇ ಸೂಕ್ಷ್ಮ ನೂಲುಗಳಾಗಿ ಹೆಣೆದುಕೊಂಡು ಲೋಳೆಯಾಗುತ್ತದೆ. ರಕ್ತಸ್ರಾವ ನಿಲ್ಲಿಸುವ ಸಾಧನವಾಗಿ 2014ರಲ್ಲಿ ಯುರೋಪಿನ ಮಾನ್ಯತೆಯನ್ನೂ ಪಡೆಯಿತು.

ಇದರ ಬೆಲೆ ತಿಳಿಯಲು ಹಳೆಯ ಸರಕನ್ನು ನೋಡಬೇಕು. ಗಾಯಕ್ಕೆ ಹಚ್ಚುವ ಕೊಲಾಜನ್ ಬಹುಪಾಲು ದನ, ಹಂದಿಗಳದು. ಪ್ರಯೋಗಾಲಯಗಳಲ್ಲಿ ಜೀವಕೋಶ ಬೆಳೆಸುವ ಮ್ಯಾಟ್ರಿಜೆಲ್ ಇಲಿಗಳ ದೇಹದಲ್ಲಿ ಬೆಳೆಸಿದ ಗಡ್ಡೆಯಿಂದ ತೆಗೆದದ್ದು. ಈ ತುಲನೆಯಲ್ಲಿ ಪೆಪ್ಟೈಡು ಗೆದ್ದಿತೆಂಬುದನ್ನು ಒಪ್ಪಲೇಬೇಕು.

ಆದರೆ ನಾನು ವ್ಯಾಪಾರಿ. ಜಮೆಯ ಪುಟವನ್ನಷ್ಟೇ ತೋರುವ ಲೆಕ್ಕವನ್ನು ನಂಬಿದವನಲ್ಲ. 2006ರ ಪ್ರಸಿದ್ಧ ಪ್ರಯೋಗದಲ್ಲಿ ಹ್ಯಾಮ್‌ಸ್ಟರುಗಳ ಮೆದುಳಿನ ದೃಷ್ಟಿಪಥವನ್ನು ಕತ್ತರಿಸಿ, ಬಳಿಕ ಪೆಪ್ಟೈಡು ಹಾಕಿ, ದೃಷ್ಟಿ ಮರಳಿತೆಂದು ವರದಿ ಮಾಡಲಾಯಿತು. 2021ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಟುಪ್ ಅವರ ತಂಡ ಬೆನ್ನುಹುರಿಗೆ ತೀವ್ರ ಪೆಟ್ಟು ಮಾಡಲಾದ ಇಲಿಗಳಿಗೆ ಒಂದೇ ಚುಚ್ಚುಮದ್ದು ಕೊಟ್ಟಿತು. ನಾಲ್ಕು ವಾರಗಳೊಳಗೆ ಅವು ನಡೆದವು. ಜಗತ್ತು ಸಂಭ್ರಮಿಸಿತು. ಮೊದಲು ಕುಂಟಾಗಿಸಿದವರಾರು? ಮದ್ದು ಪಡೆಯದೆ, ಬರಿಯ ಹೋಲಿಕೆಗಾಗಿ ಇಟ್ಟ ಇಲಿಗಳ ಗತಿಯನ್ನು ಸುದ್ದಿ ಓದಿದವರಲ್ಲಿ ಎಷ್ಟು ಮಂದಿ ಕೇಳಿದರು?

ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳಿಂದಲೂ ಹಿಂಸೆ ಒಳಬರುವುದೆಂದು ತಿಳಿದವರು ನಾವು. ವಸ್ತು ನಿರ್ಮಲವಾದ ಮಾತ್ರಕ್ಕೆ ಅದು ಬಂದ ದಾರಿ ನಿರ್ಮಲವಾಗದು. ಹಾಗೆಂದು ಶಸ್ತ್ರಕ್ರಿಯೆಯ ಮೇಜಿನ ಮೇಲಿರುವ ರೋಗಿ ಇದನ್ನು ನಿರಾಕರಿಸಬೇಕೆಂದು ನಾನು ಹೇಳಲಾರೆ. ದನದ ಕೊಲಾಜನ್ನಿಗಿಂತ ಇದೇ ಲೇಸು. ಪ್ರಶ್ನೆ ಇರುವುದು ಸಂಶೋಧನೆಗೆ ಹಣ ಕೊಡುವ ಟ್ರಸ್ಟುಗಳಿಗೆ. ಅಮೆರಿಕದ 2022ರ ಕಾಯ್ದೆಯೂ ನಮ್ಮ ದೇಶದ 2023ರ ನಿಯಮ ತಿದ್ದುಪಡಿಯೂ ಔಷಧ ಪರೀಕ್ಷೆಯಲ್ಲಿ ಪ್ರಾಣಿರಹಿತ ವಿಧಾನಗಳಿಗೆ ಅವಕಾಶ ನೀಡಿವೆ. ಇದೇ ಪೆಪ್ಟೈಡು ಲೋಳೆಯಲ್ಲಿ ಮನುಷ್ಯನ ಜೀವಕೋಶಗಳನ್ನು ಬೆಳೆಸಿ ಪರೀಕ್ಷಿಸಲೂ ಸಾಧ್ಯ. ಆ ಕೆಲಸಕ್ಕೆ ವಂತಿಗೆ ಕೇಳಿ ಯಾರಾದರೂ ಬಂದರೆ ಪಟ್ಟಿಯಲ್ಲಿ ನನ್ನ ಹೆಸರನ್ನೂ ಬರೆದುಕೊಳ್ಳಲಿ.